ನೆಗ್ಗಿದ್ದಕ್ಕೂ ಜಜ್ಜಿದ್ದಕ್ಕೂ ವ್ಯತ್ಯಾಸ ಇದೆ

ಮಾನ್ಯ ಸಂಪಾದಕರೇ,

ನಮಸ್ಕಾರ. ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಹೆದ್ದಾರಿ ಅಪಘಾತದ ಒಂದು ಫೋಟೊ ಬಂದಿತ್ತು. ಅದರ ಕೆಳಗೆ ‘ಲಾರಿಗೆ ಡಿಕ್ಕಿ ಹೊಡೆದು ನಜ್ಜುಗುಜ್ಜಾಗಿರುವ ಕಾರು’ ಎಂದು ಹಾಕಿದ್ದಿರಿ. ಒಳಗಿದ್ದ ನಾಲ್ಕೂ ಜನ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು, ಅದೃಷ್ಟ ಗಟ್ಟಿಯಿತ್ತು ಎಂದು ಸುದ್ದಿಯಲ್ಲಿತ್ತು. ಎರಡು ದಿನ ಬಿಟ್ಟು ಇದೇ ಪುಟದಲ್ಲಿ ಓದುಗರೊಬ್ಬರ ಪತ್ರ. ಈಗಿನ ಕಾರುಗಳು ಬಿಸ್ಕತ್ತಿನ ಡಬ್ಬಿಗಳು, ಮುಟ್ಟಿದರೆ ನಜ್ಜುಗುಜ್ಜು, ಅದೇ ಹಳೇ ಅಂಬಾಸಿಡರ್ ಆಗಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ಅವರು ಬೇಜಾರು ಮಾಡಿಕೊಂಡಿದ್ದರು.

ನಾನು ಕನ್ನಡಕ ಹಾಕಿಕೊಂಡು ಆ ಫೋಟೊವನ್ನು ಹತ್ತು ನಿಮಿಷ ನೋಡಿದೆ. ಕಸುಬಿನಲ್ಲಿ ನಾನು ಟಿಂಕರ್. ನಲವತ್ತು ವರ್ಷಕ್ಕೂ ಮೇಲೆ ಬೆಂಗಳೂರಿನಲ್ಲಿ ಕಾರಿನ ಬಾಡಿ ಕೆಲಸ ಮಾಡಿದ್ದೇನೆ. ಎಕ್ಸ್‌ರೇ ನೋಡಿದರೆ ಡಾಕ್ಟರಿಗೆ ಏನು ಕಾಣುತ್ತದೋ, ಇಂಥ ಫೋಟೊ ನೋಡಿದರೆ ನನಗೆ ಅದು ಕಾಣುತ್ತದೆ. ನೀವು ನಜ್ಜುಗುಜ್ಜು ಎಂದ ಆ ಕಾರಿನಲ್ಲಿ ನಜ್ಜುಗುಜ್ಜಾಗಿದ್ದು ರೇಡಿಯೇಟರ್ ಒಂದೇ. ಬಾನೆಟ್ ನಡುವಿಗೆ ಮಡಿಚಿಕೊಂಡಿತ್ತು. ಎಡಗಡೆ ಫೆಂಡರ್ ನೆಗ್ಗಿತ್ತು. ಬಂಪರ್ ಸೀಳಿತ್ತು. ಮುಂದಿನ ಚೌಕಟ್ಟು ಮುದುಡಿ ಹಿಂದಕ್ಕೆ ಸರಿದಿತ್ತು. ಇನ್ನು ಗ್ಲಾಸಿನ ಪಕ್ಕದ ಕಂಬ, ಅಂದರೆ ಪಿಲ್ಲರ್, ನೆಟ್ಟಗೇ ಇತ್ತು. ಡ್ರೈವರ್ ಕಡೆಯ ಬಾಗಿಲು ತೆರೆದಿತ್ತು. ಹಾಗೆ ಬಾಗಿಲು ತೆರೆಯುತ್ತದೆ ಅಂದರೆ ಜನ ಕೂರುವ ಜಾಗ ಸೊಟ್ಟ ಆಗಿಲ್ಲ ಅಂತ ಅರ್ಥ. ಇಷ್ಟೆಲ್ಲ ಬೇರೆ ಬೇರೆ ಆಗಿರುವುದನ್ನು ಒಂದೇ ನಜ್ಜುಗುಜ್ಜಿನ ಮೂಟೆಗೆ ತುಂಬಿಬಿಟ್ಟಿರಿ. ಅದಕ್ಕೇ ಆ ಓದುಗರಿಗೆ ಕಾರು ಕಳಪೆಯಾಗಿ ಕಂಡಿದ್ದು.

ನಜ್ಜುಗುಜ್ಜು ಎಂಬ ಮಾತಿನ ಮೇಲೆ ನನಗೆ ಸಿಟ್ಟಿಲ್ಲ. ಲಾರಿ ಚಕ್ರದ ಕೆಳಗೆ ಸೈಕಲ್ ಸಿಕ್ಕಿದರೆ ಅದು ನಜ್ಜುಗುಜ್ಜು, ಸರಿ. ನಮ್ಮ ಗ್ಯಾರೇಜಿನಲ್ಲಿ ಅದಕ್ಕೆ ಹಪ್ಪಳ ಆಯ್ತು ಅಂತೀವಿ. ಆದರೆ ಮೂರು ತಿಂಗಳಿಂದ ಸುಮ್ನೆ ಕುತೂಹಲಕ್ಕೆ ನಿಮ್ಮ ಪತ್ರಿಕೆಯ ಅಪಘಾತದ ಸುದ್ದಿಗಳನ್ನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೇನೆ. ಎರಡೇ ಮಾತು ಸಾರ್. ಒಂದೋ ನಜ್ಜುಗುಜ್ಜು, ಇಲ್ಲದಿದ್ದರೆ ಜಖಂ. ಈ ಜಖಂ ಪಾರ್ಸಿಯಿಂದ ಬಂದಿದ್ದು. ಹಿಂದಿಯವರಿಗೆ ಜಖಂ ಅಂದರೆ ಮೈಮೇಲಿನ ಗಾಯ. ನಾವು ಅದನ್ನು ತಂದು ಗಾಡಿಗೆ ಕೊಟ್ಟು, ಮನುಷ್ಯನಿಗೆ ಗಾಯ ಎಂಬುದನ್ನೇ ಉಳಿಸಿಕೊಂಡೆವು. ಒಳ್ಳೇ ಹಂಚಿಕೆ, ನನಗೇನೂ ತಕರಾರಿಲ್ಲ. ಆದರೆ ಜಖಂ ಅಂದರೆ ಪೆಟ್ಟಾಗಿದೆ ಅಂತ ಮಾತ್ರ ಗೊತ್ತಾಗುತ್ತದೆ. ಎಂಥ ಪೆಟ್ಟು?

ನನ್ನ ಊರು ನಾಗಮಂಗಲ. ಹಿತ್ತಾಳೆ, ಕಂಚಿನ ಕೆಲಸಕ್ಕೆ ಹೆಸರಾದ ಊರು. ನಮ್ಮಪ್ಪ ವಿಗ್ರಹ ಮಾಡುವಷ್ಟು ದೊಡ್ಡ ಕೆಲಸಗಾರರಲ್ಲ. ಪಾತ್ರೆ ರಿಪೇರಿ, ಕಲಾಯಿ. ಸಂತೆಯ ದಿನ ಮರದ ಕೆಳಗೆ ತಿದಿ ಹೂಡಿ ಕೂರುತ್ತಿದ್ದರು. ಕಲಾಯಿಗೆ ತವರ, ನವಸಾಗರ, ಒಂದು ಉಂಡೆ ಹತ್ತಿ. ರಿಪೇರಿಗೆ ಮರದ ಕೊಡತಿ, ಎರಡು ಥರದ ಸುತ್ತಿಗೆ, ಮೂತಿ ಬಗ್ಗಿದ ಒಂದು ಕಬ್ಬಿಣದ ಸಲಾಕೆ. ಕೊಡದ ಬಾಯಿ ಚಿಕ್ಕದು, ಕೈ ಒಳಗೆ ಹೋಗಲ್ಲ. ಅದಕ್ಕೇ ಆ ಸಲಾಕೆ.

ಹೆಂಗಸರು ಕೊಡ ತಂದಿಡುತ್ತಿದ್ದರು. ಅಪ್ಪ ಕೇಳುತ್ತಿದ್ದರು: “ಏನಾಗೈತವ್ವ?”

“ನೆಗ್ಗೋಗೈತಣ್ಣ.”

“ಯಾರು ನೆಗ್ಗಿಸಿದ್ದು?”

“ಯಾರೂ ಇಲ್ಲ, ತಾನೇ ನೆಗ್ತು.”

ಇದು ಪ್ರತಿ ಸಂತೆಯಲ್ಲೂ ಕೇಳಿಬರುವ ಮಾತು. ಬಾವಿ ಕಟ್ಟೆಗೆ ಬಡಿದಿದ್ದು ಯಾರು, ಅತ್ತೆಯ ಮೇಲಿನ ಸಿಟ್ಟಿಗೆ ಕುಕ್ಕಿದ್ದು ಯಾರು, ಅದೆಲ್ಲ ಮಾತಿಗೆ ಬರುತ್ತಿರಲಿಲ್ಲ. ನೆಗ್ಗು ಎಂಬ ಕ್ರಿಯಾಪದದ ಸೊಗಸೇ ಅದು. ಮಾಡಿದವರ ಹೆಸರು ಹೇಳದೆ ಕೆಲಸ ಮುಗಿಸಬಹುದು. ಕೊಡ ನೆಗ್ಗಿತು, ಅಷ್ಟೇ. ಮಾಡಿದವರು ಬೇಕಾದರೆ ‘ಇಸು’ ಸೇರಿಸಿ ನೆಗ್ಗಿಸು ಅನ್ನಬೇಕು. ಇವತ್ತಿಗೂ ಕಾರಿನವರು ಫೋನ್ ಮಾಡಿ ಹೇಳುವುದು ಹಾಗೇ. “ಪಾರ್ಕಿಂಗಲ್ಲಿ ನಿಲ್ಸಿದ್ದೆ ಸಾರ್, ಬಂದು ನೋಡಿದ್ರೆ ನೆಗ್ಗಿತ್ತು.” ಇನ್ಶೂರೆನ್ಸ್ ಸರ್ವೇಯರ್ ಮಾತ್ರ ನಮ್ಮಪ್ಪನ ಥರ ‘ಇಸು’ ಹುಡುಕುತ್ತಾರೆ.

ಪಾತ್ರೆ ಕೈಗೆ ಬಂದಾಗ ಅಪ್ಪ ಮೊದಲು ಮಾಡುತ್ತಿದ್ದ ಕೆಲಸ ಅಂದರೆ ಅದಕ್ಕೆ ಏನಾಗಿದೆ ಎಂದು ಹೆಸರಿಡುವುದು. ನೆಗ್ಗಿದೆಯೋ, ಜಜ್ಜಿದೆಯೋ, ಬಾಯಿ ಸೊಟ್ಟ ಆಗಿದೆಯೋ, ತಳ ಉಬ್ಬಿದೆಯೋ, ಬಿರುಕು ಬಿಟ್ಟಿದೆಯೋ. ಯಾಕಂದರೆ ಹೆಸರಿನಲ್ಲೇ ಔಷಧಿ ಇದೆ. ನೆಗ್ಗಿದ್ದು ಅಂದರೆ ತಗಡು ಒಳಗೆ ಹೋಗಿದೆ, ಹರಿದಿಲ್ಲ. ಒಳಗಿನಿಂದ ತಳ್ಳಿದರೆ ಬರುತ್ತದೆ. ಜಜ್ಜಿದ್ದು ಹಾಗಲ್ಲ. ಎರಡು ಗಟ್ಟಿ ವಸ್ತುಗಳ ನಡುವೆ ಸಿಕ್ಕಿ ಲೋಹ ತೆಳ್ಳಗಾಗಿ ಆಚೀಚೆ ಹರಡಿರುತ್ತದೆ. ಜಜ್ಜಿದ ಬೆಳ್ಳುಳ್ಳಿ ಮತ್ತೆ ಎಸಳು ಆಗುತ್ತಾ? ಆ ಜಾಗ ಕತ್ತರಿಸಿ ತೇಪೆ ಹಾಕಬೇಕು. ಬಾಯಿ ಸೊಟ್ಟ ಆಗಿದ್ದರೆ ಪೆಟ್ಟು ಬಿದ್ದ ಜಾಗವನ್ನು ಮುಟ್ಟಬಾರದು, ಅದರ ಎದುರುಗಡೆಯಿಂದ ಶುರು ಮಾಡಬೇಕು.

ಬಡಿದಷ್ಟೂ ಹಿತ್ತಾಳೆ ಗಡಸಾಗುತ್ತದೆ. ಒಂದು ಹಂತಕ್ಕೆ ಬಂದಮೇಲೆ ಇನ್ನೊಂದು ಏಟು ಹಾಕಿದರೆ ಸೀಳುತ್ತದೆ. ಆಗ ಕಾಯಿಸಬೇಕು. ತಾಮ್ರದ ಹಂಡೆಯನ್ನು ಅಪ್ಪ ಕೆಂಪಗೆ ಕಾಯಿಸಿ ಸೀದಾ ನೀರಿಗೆ ಅದ್ದುತ್ತಿದ್ದರು. ತಾಮ್ರ ಮೆತ್ತಗಾಗುತ್ತಿತ್ತು. ಪಕ್ಕದಲ್ಲಿ ಕುಡುಗೋಲು ಹದ ಮಾಡುವವರು ಉಕ್ಕನ್ನು ಅದೇ ಥರ ಕಾಯಿಸಿ ಅದೇ ಥರ ನೀರಿಗೆ ಅದ್ದಿದರೆ ಉಕ್ಕು ಗಟ್ಟಿಯಾಗುತ್ತಿತ್ತು. ಒಂದೇ ಬೆಂಕಿ, ಒಂದೇ ನೀರು. ಇದು ಯಾಕೆ ಹೀಗೆ ಅಂತ ಆರನೇ ಕ್ಲಾಸಿನಲ್ಲಿ ಮೇಷ್ಟ್ರನ್ನು ಕೇಳಿದೆ. ಕೂತ್ಕೋ ಅಂದರು.

ಆಮೇಲೆ ಸ್ಟೀಲ್ ಬಂತು, ಪ್ಲಾಸ್ಟಿಕ್ ಬಂತು. ಪ್ಲಾಸ್ಟಿಕ್ ಕೊಡ ನೆಗ್ಗಿದರೆ ಯಾರೂ ರಿಪೇರಿಗೆ ತರಲ್ಲ. 1979ರಲ್ಲಿ ನಾನು ಬೆಂಗಳೂರಿಗೆ ಬಂದು ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯೊಂದರಲ್ಲಿ ಹೆಲ್ಪರ್ ಆಗಿ ಸೇರಿದೆ. ಕೊಡದ ಬದಲು ಕಾರಿನ ಡೋರ್. ಕೊಡತಿಯ ಬದಲು ಡಾಲಿ. ತಗಡಿನ ಒಳಗಡೆ ಒತ್ತಿ ಹಿಡಿಯುವ ಕಬ್ಬಿಣದ ಗಟ್ಟಿ ಅದು. ಮೊದಲ ದಿನವೇ ಮೇಸ್ತ್ರಿ ಒಂದು ಫಿಯೆಟ್ ಡೋರ್ ತೋರಿಸಿ, “ಒಡುಕ್ಕು ಎಡು” ಅಂದರು. ಕನ್ನಡದ ಒಡಕು ಅಂದುಕೊಂಡೆ. ಒಡೆದಿರೋ ಜಾಗ ಎಲ್ಲಿದೆ ಅಂತ ಅರ್ಧ ಗಂಟೆ ಹುಡುಕಿದೆ. ತಮಿಳಿನಲ್ಲಿ ಪಾತ್ರೆಯ ನೆಗ್ಗಿಗೆ ಒಡುಕ್ಕು ಅಂತಾರೆ ಎಂದು ಗೊತ್ತಾಗುವ ಹೊತ್ತಿಗೆ ಬೈಸಿಕೊಂಡಾಗಿತ್ತು. ಅವರೇ ಜಾಸ್ತಿ ಪೆಟ್ಟಾಗಿದ್ದರೆ ನಸುಂಗಿಪೋಚ್ಚು ಅನ್ನುತ್ತಿದ್ದರು. ತಗಡು ಅಲೆಯಲೆಯಾಗಿ ಡೊಂಕಾಗಿದ್ದರೆ ನೆಳಿಂಜಿ ಅನ್ನುತ್ತಿದ್ದರು. ಹಾವು ಹರಿದಾಡುವುದಕ್ಕೂ ಅದೇ ನೆಳಿ. ನೋಡಿ, ಅವರೂ ಮೂರು ಥರಕ್ಕೆ ಮೂರು ಹೆಸರು ಇಟ್ಟುಕೊಂಡಿದ್ದಾರೆ.

ಪೇಂಟಿಂಗ್ ಮಾಡುವವರು ಅನಂತಪುರ ಕಡೆಯವರು. ಅವರದು ಸೊಟ್ಟ ಪಡಿಂದಿ. ಇಲ್ಲಿ ಇನ್ನೊಂದು ಗೊಂದಲ. ಕನ್ನಡದಲ್ಲಿ ಸೊಟ್ಟ ಅಂದರೆ ವಕ್ರ. ತೆಲುಗಿನಲ್ಲಿ ಸೊಟ್ಟ ಅಂದರೆ ನೆಗ್ಗು. ಅವರು ಡೋರ್ ಸೊಟ್ಟ ಅಂದರೆ ನಾನು ಹಿಂಜು ಬಿಚ್ಚಿ ಅಳತೆ ನೋಡುತ್ತಿದ್ದೆ. ಹುಡುಗಿಯ ಕೆನ್ನೆಯಲ್ಲಿ ನಕ್ಕಾಗ ಬೀಳುವ ಗುಳಿಗೂ ಅವರು ಸೊಟ್ಟ ಬುಗ್ಗ ಅಂತಾರೆ. ಕನ್ನಡದವನೊಬ್ಬ ಅದನ್ನು ಕೇಳಿಸಿಕೊಂಡರೆ, ಪಾಪ, ಯಾರಿಗೋ ಲಕ್ವ ಹೊಡೆದಿದೆ ಅಂದುಕೊಳ್ಳುತ್ತಾನೆ ಅಲ್ವಾ?

ಸ್ಪೇರ್ ಪಾರ್ಟ್ಸ್ ಅಂಗಡಿಯ ಕೇರಳದವರು ಚಳುಂಙಿ ಅನ್ನುತ್ತಿದ್ದರು. ಆ ಮಾತಿನ ಸದ್ದೇ ತೆಳ್ಳನೆ ತಗಡು ಒಳಗೆ ಹೋದ ಹಾಗಿದೆ. ಅಲ್ಲಿಗೆ ಬರುತ್ತಿದ್ದ ಮರಾಠಿ ಡ್ರೈವರ್ ಒಬ್ಬರು ಪೋಚಾ ಪಡ್‌ಲಾ ಅನ್ನುತ್ತಿದ್ದರು. ಈಗ ನನ್ನ ಗ್ಯಾರೇಜಿನಲ್ಲಿ ಬಿಹಾರದ ಇಬ್ಬರು ಹುಡುಗರಿದ್ದಾರೆ. ಅವರದು ಪಿಚಕ್ ಗಯಾ. ಗಾಳಿ ಹೋದ ಚೆಂಡಿಗೂ, ಹಸಿದವನ ಕೆನ್ನೆಗೂ ಅದೇ ಪಿಚಕ್. ನನ್ನ ಹಿಂದಿ ಅಷ್ಟಕ್ಕಷ್ಟೇ. ಒಂದು ದಿನ ಅವಸರದಲ್ಲಿ ಪಿಚಕ್ ಅನ್ನುವ ಬದಲು ಚಿಪಕ್ ಅಂದುಬಿಟ್ಟೆ. ಹುಡುಗ ಓಡಿಹೋಗಿ ಗೋಂದು ತಂದ.

ಇಷ್ಟೂ ಭಾಷೆಯ ಜನ ಒಂದೇ ಡೋರಿನ ಸುತ್ತ ನಿಂತು ಮಾತಾಡುವಾಗ ಒಂದು ವಿಷಯ ಗಮನಿಸಿದೆ. ಯಾರೂ ಎಲ್ಲದಕ್ಕೂ ಒಂದೇ ಮಾತು ಬಳಸುತ್ತಿರಲಿಲ್ಲ. ಕೆಲಸ ಮಾಡುವವನಿಗೆ ಅದು ಆಗಲ್ಲ. ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಪೆಟ್ಟು ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಕೊನೆಯಲ್ಲಿ ನೆಗ್ಗಿದ್ದನ್ನು ಮೊದಲು ಎಬ್ಬಿಸಬೇಕು, ಮೊದಲು ನೆಗ್ಗಿದ್ದನ್ನು ಕೊನೆಗೆ. ಹಾಗಾಗಿ ಯಾವುದು ಮೊದಲು ಬಗ್ಗಿತು, ಯಾವುದು ಆಮೇಲೆ ಮಡಿಚಿತು ಅಂತ ಮಾತಿನಲ್ಲಿ ಬಿಡಿಸಿ ಹೇಳಲು ಬರಬೇಕು. ಎಲ್ಲಕ್ಕೂ ಡೆಂಟ್ ಅಂದರೆ ಕೆಲಸ ಕೆಡುತ್ತದೆ.

ಡೆಂಟ್ ಅಂದಾಗ ನೆನಪಾಯಿತು. ನಮ್ಮ ಬೋರ್ಡಿನಲ್ಲಿ ‘ಡೆಂಟಿಂಗ್ ಮತ್ತು ಪೇಂಟಿಂಗ್’ ಅಂತಿದೆ. ಆಗಷ್ಟೇ ಓದಲು ಕಲಿತಿದ್ದ ಮೊಮ್ಮಗ ಅದನ್ನು ನೋಡಿ, “ತಾತ, ನೀನು ಕಾರಿಗೆ ಹಲ್ಲಿನ ಡಾಕ್ಟ್ರಾ?” ಅಂದ. ನಾವೆಲ್ಲ ನಕ್ಕೆವು. ಮಗಳು ಆಮೇಲೆ ಹುಡುಕಿ ಹೇಳಿದಳು, ಹುಡುಗ ಪೂರ್ತಿ ತಪ್ಪಿಲ್ಲ. ಇಂಗ್ಲಿಷಿನ ಡೆಂಟ್ ಹುಟ್ಟಿದ್ದು ಹಲ್ಲಿನಿಂದ ಅಲ್ಲ, ಹಳೇ ಇಂಗ್ಲಿಷಿನಲ್ಲಿ ಏಟು ಅನ್ನುವುದಕ್ಕೆ ಇದ್ದ ಡಿಂಟ್ ಎಂಬ ಮಾತಿನಿಂದ. ಡೆಂಟಿಸ್ಟಿನ ಡೆಂಟ್ ಲ್ಯಾಟಿನ್ ಕಡೆಯದು, ಅದು ಹಲ್ಲು. ಅದೇ ಲ್ಯಾಟಿನ್ ಹಲ್ಲಿನಿಂದ ಇಂಡೆಂಟ್ ಎಂಬ ಮಾತೂ ಬಂದಿದೆ. ಅದರ ಜೊತೆ ಓಡಾಡಿ ಓಡಾಡಿ ಇಂಗ್ಲಿಷ್ ಡೆಂಟಿಗೆ ‘ಏಟು’ ಹೋಗಿ ‘ಏಟು ಬಿದ್ದ ಗುಳಿ’ ಎಂಬ ಅರ್ಥ ಕೂತುಕೊಂಡಿತು. ಅಂದರೆ ಇಂಗ್ಲಿಷಿನವರ ಕಣ್ಣು ಮೊದಲು ಹೊಡೆದವನ ಮೇಲಿತ್ತು. ನಮ್ಮ ನೆಗ್ಗು ಮೊದಲಿಂದಲೂ ಪಾತ್ರೆಯ ಕಡೆ.

ಡಿಕ್ಕಿಯ ಕತೆ ಇನ್ನೂ ಚೆನ್ನ. ಕಾರಿನ ಹಿಂದಿನ ಸಾಮಾನಿನ ಜಾಗಕ್ಕೂ ಡಿಕ್ಕಿ, ಗುದ್ದಾಟಕ್ಕೂ ಡಿಕ್ಕಿ. ‘ಡಿಕ್ಕಿಗೆ ಡಿಕ್ಕಿ ಆಗಿದೆ’ ಅಂತ ನಮ್ಮ ಎಸ್ಟಿಮೇಟ್ ಪುಸ್ತಕದಲ್ಲಿ ಕಡಿಮೆ ಅಂದರೂ ನೂರು ಸಲ ಬರೆದಿದ್ದೇನೆ. ಯಾರಿಗೂ ಗೊಂದಲ ಆಗಿಲ್ಲ.

ಮಗಳು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಹೋಗಿದ್ದಾಗ ಮೂರು ತಿಂಗಳು ಅಲ್ಲಿದ್ದೆ. ಚಳಿ, ಸೊಪ್ಪು ಸಿಗಲ್ಲ, ಅದು ಬಿಡಿ. ಅಲ್ಲಿಯ ಬೆನ್ಜ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದಳು. ಬೇರೆಯವರು ಕಾರುಗಳ ಹೊಳಪು ನೋಡುತ್ತಿದ್ದರು. ನಾನು ಡೋರಿನ ಅಂಚು, ಬಾನೆಟ್ಟಿನ ಸಂದು ನೋಡುತ್ತಿದ್ದೆ. ಅಲ್ಲೇ ಅವಳು ಬೇಲಾ ಬಾರೆನ್ಯಿ ಎಂಬ ಎಂಜಿನಿಯರ್ ವಿಷಯ ಹೇಳಿದ್ದು.

ಆ ಕಾಲಕ್ಕೆ ಎಲ್ಲರ ನಂಬಿಕೆ ಏನಿತ್ತು ಅಂದರೆ, ಕಾರು ಗಟ್ಟಿಯಿದ್ದಷ್ಟೂ ಕ್ಷೇಮ. ನಿಮಗೆ ಪತ್ರ ಬರೆದ ಓದುಗರು ಹೇಳಿದ್ದೂ ಅದನ್ನೇ. ಬಾರೆನ್ಯಿ ಉಲ್ಟಾ ಯೋಚಿಸಿದರು. ಜನ ಕೂರುವ ನಡುವಿನ ಭಾಗ ಪೆಟ್ಟಿಗೆಯ ಹಾಗೆ ಗಟ್ಟಿ ಇರಲಿ, ಮುಂದಿನ ಮತ್ತು ಹಿಂದಿನ ಭಾಗ ಬೇಕೆಂದೇ ಮುದುಡಲಿ. ಗುದ್ದಿದ ಜೋರನ್ನೆಲ್ಲ ಆ ತಗಡು ಮುದುಡುತ್ತಾ ತಿನ್ನಲಿ, ಒಳಗಿನ ಜನಕ್ಕೆ ಮುಟ್ಟದಿರಲಿ. 1951ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. 1959ರಲ್ಲಿ ಹಿಂದುಗಡೆ ಮೀನಿನ ರೆಕ್ಕೆಯಂಥ ಅಂಚಿದ್ದ ಮರ್ಸಿಡಿಸ್ ಬಂತಲ್ಲ, ಆ ವಿಚಾರ ಮೊದಲು ರಸ್ತೆಗೆ ಇಳಿದಿದ್ದು ಅದರಲ್ಲೇ.

ನನಗೆ ಇದು ಪೂರ್ತಿ ತಲೆಗೆ ಹೋಗಲಿಲ್ಲ. ಮಗಳು ಟಿಶ್ಯೂ ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದಳು. ಒಂದೇ ವೇಗದಲ್ಲಿ ಬಂದ ಎರಡು ಕಾರು. ಒಂದು ಗೋಡೆಗೆ ಗುದ್ದಿ 10 ಸೆಂಟಿಮೀಟರಿನಲ್ಲಿ ನಿಲ್ಲುತ್ತದೆ, ಯಾಕಂದರೆ ಅದು ಗಟ್ಟಿ. ಇನ್ನೊಂದರ ಮುಂಭಾಗ ಮುದುಡಿ ಮುದುಡಿ 60 ಸೆಂಟಿಮೀಟರಿನಲ್ಲಿ ನಿಲ್ಲುತ್ತದೆ. ಎರಡನೆಯದರ ಒಳಗಿನವರ ಮೇಲೆ ಬೀಳುವ ಬಲ ಸರಾಸರಿ ಆರರಲ್ಲಿ ಒಂದು ಪಾಲು. ಅಂಬಾಸಿಡರ್ ಏನೂ ಆಗದೆ ಉಳಿಯಬಹುದು ಸಾರ್, ಒಳಗಿರುವವರ ಪಕ್ಕೆಲುಬು ಉಳಿಯಲ್ಲ. ನಾನು ಜೆ.ಸಿ. ರಸ್ತೆಯಲ್ಲಿ ಅಂಬಾಸಿಡರ್ ಎಬ್ಬಿಸಿದವನು. ಅದರ ತಗಡನ್ನು ಬಡಿದು ಬಡಿದು ಭುಜ ನೋವು ಹಿಡಿಸಿಕೊಂಡವನು. ಸ್ಟೇರಿಂಗ್ ಹತ್ತಿರ ರಕ್ತದ ಕಲೆ ಒರೆಸಿದ್ದೂ ಇದೆ. ಬಾನೆಟ್ಟಿಗೆ ಅರ್ಧ ದಿನದ ಕೆಲಸ ಮಾತ್ರ ಇರುತ್ತಿತ್ತು. ಆಗ ಅದರ ಅರ್ಥ ಆಗಿರಲಿಲ್ಲ.

ಜರ್ಮನ್ನರು ಆ ಮುಂಭಾಗಕ್ಕೆ ಕೊಟ್ಟ ಹೆಸರು ನೋಡಿ: ಕ್ನೌಚ್‌ತ್ಸೋನೆ. ಕ್ನೌಚೆನ್ ಅಂದರೆ ಬಟ್ಟೆ, ಕಾಗದವನ್ನು ಮುದುಡುವುದು. ಮನೆಯಲ್ಲಿ ಅಮ್ಮ ಮಗನಿಗೆ ಅಂಗಿ ಮುದುಡಬೇಡ ಅನ್ನುವಾಗ ಬಳಸುವ ಮಾತು ಅದು. ದೊಡ್ಡ ಎಂಜಿನಿಯರಿಂಗ್ ವಿಷಯಕ್ಕೆ ಅಡುಗೆಮನೆಯ ಮಾತನ್ನೇ ಇಟ್ಟಿದ್ದಾರೆ. ಇಂಗ್ಲಿಷಿನವರು ಅದೇ ಭಾಗಕ್ಕೆ ಕ್ರಂಪಲ್ ಝೋನ್ ಅಂತಾರೆ, ಆ ಕ್ರಂಪಲ್ ಕೂಡ ಅಂಥದ್ದೇ ಮಾತು. ನಾವೇನು ಮಾಡಿದ್ದೇವೆ? ಮಗಳ ಹಳೇ ವಿಜ್ಞಾನದ ಪುಸ್ತಕದಲ್ಲಿ ‘ವಸ್ತುವು ವಿರೂಪಗೊಳ್ಳುತ್ತದೆ’ ಅಂತಿದೆ. ವಿರೂಪ ಅಂದರೆ ನನ್ನ ಕಿವಿಗೆ ಮುಖ ಕೆಟ್ಟವನು, ಕುರೂಪಿ. ಸ್ಪ್ರಿಂಗ್ ಎಳೆದರೆ ಅದು ಕುರೂಪಿ ಆಗುತ್ತಾ? ಎಳೆದರೆ ಹಿಗ್ಗುತ್ತೆ, ಬಿಟ್ಟರೆ ಕುಗ್ಗುತ್ತೆ. ಮಕ್ಕಳಿಗೆ ಅಷ್ಟು ಹೇಳಿದರೆ ಸಾಲದೇ?

ಇದೇ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ತಗಡಿನ ಮೇಲೆ ಸ್ವಲ್ಪ ಒತ್ತಿ ಬಿಟ್ಟರೆ ವಾಪಸ್ ಬರುತ್ತದೆ. ನಾಯಿ ಬಾಲಕ್ಕೆ ದಬ್ಬೆ ಕಟ್ಟಿ ಬಿಚ್ಚಿದ ಹಾಗೆ. ಒಂದು ಮಿತಿ ದಾಟಿ ಒತ್ತಿದರೆ ವಾಪಸ್ ಬರಲ್ಲ, ಅಲ್ಲೇ ಉಳಿಯುತ್ತದೆ. ಅದೇ ನೆಗ್ಗು. ಆ ಮಿತಿಗೆ ಇಂಗ್ಲಿಷಿನಲ್ಲಿ ಯೀಲ್ಡ್ ಪಾಯಿಂಟ್ ಅಂತಾರಂತೆ. ಯೀಲ್ಡ್ ಅಂದರೆ ಶರಣಾಗುವುದು. ಕನ್ನಡದಲ್ಲಿ ಅದಕ್ಕೆ ಮಣಿ ಅಂತ ಇದೆ. ಬಿದಿರೂ ಮಣಿಯುತ್ತದೆ, ಸೋತ ರಾಜನೂ ಮಣಿಯುತ್ತಾನೆ. ಎರಡೂ ಅರ್ಥ ಒಂದೇ ಮಾತಿನಲ್ಲಿ, ಯಾರೂ ಸೃಷ್ಟಿ ಮಾಡಬೇಕಾಗಿಲ್ಲ.

ಜರ್ಮನಿಯಲ್ಲಿ ನಕ್ಕಿದ್ದು ಇನ್ನೊಂದಕ್ಕೆ. ಮೊಮ್ಮಗ ಸೈಕಲ್ ಮೇಲಿಂದ ಬಿದ್ದು ಹಣೆಯಲ್ಲಿ ಬುಗುಟೆ ಎದ್ದಿತ್ತು. ಪಕ್ಕದ ಮನೆ ಅಜ್ಜಿ ನೋಡಿ ಬೊಯ್ಲೆ ಅಂದರು. ಮಾರನೇ ದಿನ ಅವರದೇ ಕಾರಿನ ಡೋರ್ ನೆಗ್ಗಿದ್ದನ್ನು ತೋರಿಸಿ ಅದಕ್ಕೂ ಬೊಯ್ಲೆ ಅಂದರು. ಉಬ್ಬಿದ್ದಕ್ಕೂ ತಗ್ಗಿದ್ದಕ್ಕೂ ಒಂದೇ ಮಾತಾ ಅಂತ ಮಗಳನ್ನು ಕೇಳಿದೆ. ಹೌದಂತೆ. ಪಕ್ಕದ ಫ್ರೆಂಚರೂ ಹಾಗೇ ಅಂತೆ, ನೆಗ್ಗಿಸುವುದಕ್ಕೆ ಅವರು ಹೇಳುವ ಕಬೊಸೇ ಎಂಬ ಮಾತಿನ ಒಳಗೆ ಬೊಸ್, ಅಂದರೆ ಗೂನು, ಅಡಗಿದೆಯಂತೆ. ಮೊದಮೊದಲು ಇವರಿಗೆ ಉಬ್ಬು ತಗ್ಗು ಗೊತ್ತಾಗಲ್ವಾ ಅನ್ನಿಸಿತು. ರಾತ್ರಿ ಮಲಗಿದಾಗ ಹೊಳೆಯಿತು. ಅಪ್ಪ ಕೊಡದ ಬಾಯಿಗೆ ಕಣ್ಣಿಟ್ಟು ಒಳಗೆ ನೋಡುತ್ತಿದ್ದರಲ್ಲ, ಅಲ್ಲಿಂದ ನೋಡಿದರೆ ನೆಗ್ಗಿದ ಜಾಗ ಉಬ್ಬೇ.

ಜಪಾನಿನವರದನ್ನೂ ಹೇಳಿಬಿಡುತ್ತೇನೆ. ಅಕ್ಕನ ಮಗ ಬಿಡದಿಯ ಕಾರು ಕಾರ್ಖಾನೆಯಲ್ಲಿದ್ದಾನೆ, ಅಲ್ಪಸ್ವಲ್ಪ ಜಪಾನಿ ಕಲಿತಿದ್ದಾನೆ. ನೆಗ್ಗುವುದಕ್ಕೆ ಅಲ್ಲಿ ಹೆಕೊಮು. ಮನಸ್ಸು ಕುಗ್ಗಿದರೂ ಹೆಕೊಮು. ಅದನ್ನು ಬರೆಯುವ ಅಕ್ಷರ ಚಿತ್ರವೇ: ಒಂದು ಚೌಕ, ಮೇಲಿನ ಗೆರೆ ನಡುವೆ ಒಳಗೆ ಕುಸಿದಿದೆ. ಉಬ್ಬಿಗೆ ಅದೇ ಥರದ ಚೌಕ, ಮೇಲಿನ ಗೆರೆ ನಡುವೆ ಎದ್ದಿದೆ. ಎರಡೂ ಅಕ್ಷರ ಪಕ್ಕಪಕ್ಕ ಬರೆದರೆ ದೆಕೊಬೊಕೊ, ನಮ್ಮ ತಗ್ಗುದಿಣ್ಣೆ. ನನ್ನ ಗ್ಯಾರೇಜಿನ ಮುಂದಿನ ರಸ್ತೆಯನ್ನು ಆ ಎರಡು ಅಕ್ಷರದಲ್ಲಿ ಬರೆದು ಮುಗಿಸಬಹುದು.

ಸರಿ, ನಿಮ್ಮ ಫೋಟೊಗೆ ಬರುತ್ತೇನೆ. 2023ರ ಅಕ್ಟೋಬರಿನಿಂದ ನಮ್ಮ ದೇಶದಲ್ಲೂ ಭಾರತ್ ಎನ್‌ಕ್ಯಾಪ್ ಅಂತ ಕಾರುಗಳಿಗೆ ಸ್ಟಾರ್ ಕೊಡುವ ಪರೀಕ್ಷೆ ಶುರುವಾಗಿದೆ. ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಒಂದು ತಡೆಗೆ ಗುದ್ದಿಸುತ್ತಾರೆ, ಅದೂ ಮುಂಭಾಗದ ಶೇ 40ರಷ್ಟು ಅಗಲ ಮಾತ್ರ ತಗಲುವ ಹಾಗೆ. ಆ ತಡೆಯೂ ಜೇನುಗೂಡಿನಂಥ ಅಲ್ಯೂಮಿನಿಯಂ, ಅದೂ ಮುದುಡುತ್ತದೆ. ಆಮೇಲೆ ನೋಡುವುದು ಬಾನೆಟ್ ಹೇಗಿದೆ ಅಂತ ಅಲ್ಲ. ಒಳಗೆ ಮನುಷ್ಯರ ಬದಲು ಕೂರಿಸಿದ ಗೊಂಬೆಗಳಿಗೆ ಎಷ್ಟು ಪೆಟ್ಟಾಗಿದೆ, ಕೂರುವ ಜಾಗ ಅಲುಗದೆ ನಿಂತಿದೆಯಾ, ಅದನ್ನು. ನಿಮ್ಮ ಫೋಟೊದ ಕಾರು ಸರಿಯಾಗಿ ಅದನ್ನೇ ಮಾಡಿತ್ತು. ಮುದುಡಬೇಕಾದ್ದು ಮುದುಡಿತ್ತು, ನೆಟ್ಟಗಿರಬೇಕಾದ ಪಿಲ್ಲರ್ ನೆಟ್ಟಗಿತ್ತು. ನಾಲ್ಕು ಜನ ಇಳಿದು ನಡೆದುಕೊಂಡು ಬಂದರು. ಅದೃಷ್ಟವೂ ಇರಬಹುದು, ಇಲ್ಲ ಅನ್ನಲ್ಲ. ಆದರೆ ಮುದುಡಿದ ಆ ತಗಡಿಗೂ ಒಂದು ಸಾಲು ಬರೆಯಬೇಕಿತ್ತು. ನೀವು ಅದನ್ನೇ ನಜ್ಜುಗುಜ್ಜು ಅಂದಿರಿ, ಓದುಗರು ಕಳಪೆ ಅಂದರು.

ಆ ಪಿಲ್ಲರ್ ಅಕಸ್ಮಾತ್ ಬಗ್ಗಿದ್ದರೆ? ಈಗಿನ ಕಾರುಗಳಲ್ಲಿ ಅಲ್ಲಿಗೆ ಬಹಳ ಗಟ್ಟಿ ಉಕ್ಕು ಹಾಕುತ್ತಾರೆ. ಕಾಯಿಸಿ ಬಗ್ಗಿಸಿದರೆ ಅದರ ಗಟ್ಟಿತನವೇ ಹೋಗುತ್ತದೆ. ಬದಲಾಯಿಸಬೇಕು. ಮೇಲಿನ ತಗಡು 0.7 ಮಿಲಿಮೀಟರ್ ಆಸುಪಾಸು, ಅದನ್ನು ಎಬ್ಬಿಸಬಹುದು. ಫೈಬರ್ ಬಂಪರ್ ನೆಗ್ಗಿದ್ದರೆ ಒಂದು ಚೊಂಬು ಬಿಸಿನೀರು ಹೊಯ್ದು ಒಳಗಿನಿಂದ ತಳ್ಳಿದರೆ ಟಪ್ ಅಂತ ಈಚೆ ಬರುತ್ತದೆ. ಸೀಳಿದ್ದರೆ ಬರಲ್ಲ. ಇದನ್ನು ಗಿರಾಕಿಗಳಿಗೆ ಹೇಳಿಕೊಟ್ಟು ಎಷ್ಟೋ ಕೆಲಸ ಕಳೆದುಕೊಂಡಿದ್ದೇನೆ ಅಂತ ಹೆಂಡತಿ ಬೈಯುತ್ತಾಳೆ.

ಮಾತು ಕೆಟ್ಟರೆ ದುಡ್ಡೂ ಕೆಡುತ್ತದೆ. ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ತುಮಕೂರು ರಸ್ತೆಯಿಂದ ಫೋನ್ ಮಾಡಿದ. “ಅಂಕಲ್, ಕಾರು ಪೂರ್ತಿ ನಜ್ಜುಗುಜ್ಜು.” ದನಿ ನಡುಗುತ್ತಿತ್ತು. ಗಾಬರಿಯಿಂದ ಟೋಯಿಂಗ್ ಗಾಡಿ ಮಾಡಿಕೊಂಡು ಮಳೆಯಲ್ಲಿ ಓಡಿದೆ. ಹೋಗಿ ನೋಡಿದರೆ ಡಿಕ್ಕಿ ನೆಗ್ಗಿದೆ, ಒಂದು ಟೇಲ್ ಲ್ಯಾಂಪ್ ಒಡೆದಿದೆ. ಕಾರು ಆರಾಮಾಗಿ ಓಡುತ್ತೆ. ನಜ್ಜುಗುಜ್ಜು ಅಂದ್ಯಲ್ಲಪ್ಪ ಅಂದೆ. “ಪೇಪರಲ್ಲಿ ಹಂಗೇ ಬರೀತಾರಲ್ಲ ಅಂಕಲ್” ಅಂದ. ಟೋಯಿಂಗಿನವನಿಗೆ ಎರಡೂವರೆ ಸಾವಿರ ಕೊಟ್ಟು ಕಳಿಸಿದೆ. ಅದನ್ನು ನಿಮ್ಮಿಂದ ಕೇಳುತ್ತಿಲ್ಲ, ಸುಮ್ನೆ ಹೇಳಿದೆ.

ನಾನು ಕೇಳುವುದು ಇಷ್ಟು. ತಗಡು ಒಳಗೆ ಹೋಗಿದ್ದರೆ ನೆಗ್ಗಿದೆ ಅಂತ ಬರೆಯಿರಿ. ನಗ್ಗಿದೆ ಅಂದರೂ ಪರವಾಗಿಲ್ಲ, ಅದೂ ಜನರ ಬಾಯಲ್ಲಿ ಇರುವುದೇ. ಪದರ ಪದರವಾಗಿ ಹಿಂದಕ್ಕೆ ಹೋಗಿದ್ದರೆ ಮುದುಡಿದೆ. ಎರಡು ಲಾರಿ ನಡುವೆ ಸಿಕ್ಕಿದ್ದರೆ ಜಜ್ಜಿದೆ, ಇಲ್ಲವೇ ಅಪ್ಪಚ್ಚಿ. ಕ್ರಂಪಲ್ ಝೋನ್ ಬಗ್ಗೆ ವಾಹನ ಪುರವಣಿಯಲ್ಲಿ ಬರೆಯುವಾಗ ‘ಮುದುಡುವ ಭಾಗ’ ಅಂತ ಹಾಕಿ ನೋಡಿ. ನಾಲ್ಕು ಸಲ ಓದಿದರೆ ಅಭ್ಯಾಸ ಆಗುತ್ತದೆ. ಇನ್ನು ನಜ್ಜುಗುಜ್ಜನ್ನು, ದಯವಿಟ್ಟು, ನಜ್ಜುಗುಜ್ಜಾದಾಗ ಬಳಸಿ.

ನಿಮ್ಮ ವರದಿಗಾರರು ಯಾರಾದರೂ ಒಂದು ದಿನ ಗ್ಯಾರೇಜಿಗೆ ಬಂದರೆ ಎಲ್ಲವನ್ನೂ ಮುಟ್ಟಿಸಿ ತೋರಿಸುತ್ತೇನೆ. ಸದ್ಯ ನೆಗ್ಗಿದ ಬಾನೆಟ್ ಎರಡು, ಸೊಟ್ಟ ಆದ ಡೋರ್ ಒಂದು, ಮುದುಡಿದ ಮುಂಭಾಗ ಒಂದು ಇದೆ. ಟೀ ನಮ್ಮದು. ಶನಿವಾರ ಮಾತ್ರ ಬೇಡ, ಅವತ್ತು ಡೆಲಿವರಿ, ಮಾತಾಡಲು ಪುರುಸೊತ್ತಿರಲ್ಲ.

ಇಂತಿ ತಮ್ಮ ಓದುಗ,
ನಾಗಮಂಗಲದ ಒಬ್ಬ ಟಿಂಕರ್, ಸದ್ಯ ಬೆಂಗಳೂರು